ವರ್ಷದ ಓದು, ಹೊನ್ನಮ್ಮನ ಒಂಬತ್ತು ಸಂಧಿ

ವರ್ಷಕ್ಕ ಇಷ್ಟು ಪುಸ್ತಕ ಓದ್ಬೇಕು ಅಂತ ಲೆಕ್ಕ ಇಟ್ಕಳದು ಈಗಿನವರ ಚಾಳಿ ಅಂತಾರ. ಹೊಸದೇನಲ್ಲ ಕನ್ರವ್ವ. ಶ್ರಾವಣದಲ್ಲಿ ಜೈಮಿನಿ ಭಾರತ ಓದುಸ್ತಿದ್ದ ಮನೆಗಳಲ್ಲಿ ಅದರ 34 ಸಂಧೀನ ದಿನಕ್ಕ ಇಷ್ಟು ಅಂತ ಹಂಚ್ಕಂಡು ಮುಗುಸ್ತಿದ್ರು. ಓದೋರು ಒಬ್ರು, ಕೇಳೋರು ಹತ್ತಾರು ಜನ. ಲೆಕ್ಕ ಸಂಧೀದು, ಪುಸ್ತಕದ್ದಲ್ಲ.

ಹೆಂಗಸರ ಕೈಗೆ ಅಕ್ಷರ ಸಿಕ್ಕದೇ ಅಪರೂಪವಾಗಿದ್ದ ಕಾಲದಲ್ಲಿ, ನಮ್ಮ ಬೆಟ್ಟದ ಬುಡದ ಯಳಂದೂರಿನ ಹೊನ್ನಮ್ಮ ಪುಸ್ತಕಾನೇ ಬರೆದಳು. ಚಿಕ್ಕದೇವರಾಜ ಒಡೆಯರ (1673–1704) ಅರಮನೇಲಿ ಎಲೆಅಡಿಕೆ ಸಂಚಿ ಹಿಡಿಯೋ ಊಳಿಗ ಅವಳದು. ಅದಕ್ಕೇ ಸಂಚಿ ಹೊನ್ನಮ್ಮ. ‘ಹದಿಬದೆಯ ಧರ್ಮ’ ಅಂದ್ರ ಪತಿವ್ರತೆಯ ಧರ್ಮ. ಸಾಂಗತ್ಯ, ಹಾಡ್ಕಂಡೇ ಓದಬಹುದು. ಗಂಡನ ಸೇವೆ ಬಗ್ಗೆ ಅವಳು ಹೇಳದೆಲ್ಲ ನನಗ ಒಪ್ಪಿಗೆ ಇಲ್ಲ, ಬುಡಿ. ಆದ್ರ ಹೆಣ್ಣು ಅಂತ ಹೀಗಳೆಯೋರ್ನ ಅವಳು ಕೇಳೋ ಜಾಗ ಬಂದಾಗ ಒಲೆ ಮೇಲಿನ ಸಾರೂ ಮರ್ತೋಯ್ತದ.

ಈ ವರ್ಷ ನನ್ನ ಗುರಿ 12 ಪುಸ್ತಕ. ಹಾಲಿನ ಲೆಕ್ಕದ ಕ್ಯಾಲೆಂಡರಲ್ಲೇ ಗೀಟು ಹಾಕ್ತೀನಿ. ಸೊಸೆ ಫೋನಲ್ಲಿ ಇಪ್ಪತ್ತು ದಾಟವ್ಳೆ. “ಅತ್ತೆ, ನಿಮ್ದು ಇನ್ನೂ ಮೂರೇ” ಅಂತಾಳ. ಕಾದಂಬರಿ ಮೂರು ದಿನಕ್ಕ ಮುಗೀತದ. ಹೊನ್ನಮ್ಮನ ಒಂದು ಸಂಧಿಗೆ ಪಿಯುಸಿ ಓದಿದ ನನಗ ನಿಘಂಟು ಹಿಡ್ಕಂಡು ವಾರ ಬೇಕು. ಎರಡಕ್ಕೂ ಒಂದೇ ಗೀಟು ಅಂದ್ರ ಯಾವ ನ್ಯಾಯ? ಅದಕ್ಕೇ ಹಳೇ ಲೆಕ್ಕಕ್ಕ ಹೋಗಿವ್ನಿ: ಅವಳ ಒಂಬತ್ತು ಸಂಧಿಗೆ ಒಂಬತ್ತು ಗೀಟು.

ಈಗ ಐದನೇದು ನಡೀತಾ ಅದ. ಅರ್ಥ ಬರೆದಿರೋ ಪ್ರತಿ ಯಾರತ್ರಾರ ಇದ್ರ ಕಳ್ಸಿ, ಜೋಪಾನವಾಗಿ ಹಿಂದಕ್ಕ ಕೊಡ್ತೀನಿ.