ಕಳುವಿಗೆ ಕಾವಲುಗಾರನ ದಂಡ

ವಿಜಯನಗರದಲ್ಲಿ ಕಳುವಾದ ಸೊತ್ತಿನ ಹೊಣೆ ಕಾವಲಿನವರ ತಲೆಯ ಮೇಲಿತ್ತು. ಮಾಲು ಹುಡುಕಿ ಕೊಡಬೇಕು, ಇಲ್ಲವೇ ದಂಡ ತೆರಬೇಕು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಹೆರಾತಿನ ರಾಯಭಾರಿ ಅಬ್ದುಲ್ ರಝಾಕ್ ಈ ಏರ್ಪಾಡನ್ನು ಹತ್ತಿರದಿಂದ ಕಂಡವನು. ಟಂಕಸಾಲೆಯ ಎದುರಿಗೇ ನಗರಾಧಿಕಾರಿಯ ಕಚೇರಿ. ಅವನ ಕೈಕೆಳಗೆ 12,000 ಭಟರು. ಅವರ ದಿನದ ಸಂಬಳ 12,000 ಪಣ. ಆ ಹಣ ಬರುತ್ತಿದ್ದುದು ವೇಶ್ಯಾವಾಟಿಕೆಯ ತೆರಿಗೆಯಿಂದ. ತಲೆಗೊಂದು ಪಣದ ಈ ಗುಂಡು ಲೆಕ್ಕ ಯಾರೋ ಹೇಳಿದ್ದನ್ನು ಬರೆದುಕೊಂಡಂತೆ ಕಾಣುತ್ತದೆ. ರಝಾಕನ ಸ್ವಂತ ಅನುಭವದ ಮಾತು ಬೇರೆ. ಅವನ ಕಡೆಯ ಕೆಲವು ಗುಲಾಮರು ಓಡಿಹೋದಾಗ ದೂರು ಹೋಯಿತು. ಆ ಕೇರಿಯ ಕಾವಲಿನವರು ಅವರನ್ನು ಹಿಡಿದು ತರಬೇಕು, ಇಲ್ಲವೇ ದಂಡ ಕಟ್ಟಬೇಕೆಂದು ಅಪ್ಪಣೆಯಾಯಿತು. ಮೊತ್ತ ಎಷ್ಟೆಂದು ಕೇಳಿ ತಿಳಿದು ಅವರು ಹಣವನ್ನೇ ತೆತ್ತರು. ಓಡಿಹೋದವರ ಕಣ್ಣಿಗೆ ಈ ಕಾವಲು ಹೇಗೆ ಕಂಡಿತೆಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಸುಮಾರು 90 ವರ್ಷಗಳ ನಂತರ ಪೋರ್ಚುಗಲ್ಲಿನ ನೂನಿಜ್ ಬರೆದದ್ದೂ ಇದೇ ಧಾಟಿಯಲ್ಲಿದೆ: ನಗರದ ಕಳುವುಗಳ ಲೆಕ್ಕವನ್ನು ಅಧಿಕಾರಿ ಒಪ್ಪಿಸಬೇಕು, ಅದರಿಂದಲೇ ಕಳುವು ಕಡಿಮೆ. ಕಳ್ಳ ಊರೊಳಗಿದ್ದಾನೋ ಇಲ್ಲವೋ ಎಂಬುದನ್ನು ಮಂತ್ರವಾದಿಗಳು ಹೇಳುತ್ತಿದ್ದರಂತೆ.

ಈ ಹೊಣೆಗಾರಿಕೆಯ ಬೇರು ಇನ್ನೂ ಹಳೆಯದು. ಹೆಜ್ಜೆಯ ಜಾಡು ಊರು ದಾಟದಿದ್ದರೆ ಕಳುವಿಗೆ ಆ ಊರಿನ ಒಡೆಯನೇ ಹೊಣೆ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ವಿಜ್ಞಾನೇಶ್ವರ ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದದ್ದು ಚಾಲುಕ್ಯರ ಕಲ್ಯಾಣದಲ್ಲಿ. ಹಳ್ಳಿಗಳಲ್ಲಿ ಕಾವಲಿನ ಕೆಲಸ ತಳವಾರನದು. ಅವನಿಗೆ ಮಾನ್ಯದ ಹೊಲವಿತ್ತು, ಕಣದಲ್ಲಿ ರಾಶಿಯಾದಾಗ ಆಯವೂ ಸಿಗುತ್ತಿತ್ತು. ಕೊಡುವವರು ಊರಿನವರೇ ಆದ್ದರಿಂದ ಕೇಳುವ ಬಾಯಿಯೂ ಊರಿನದೇ.

1800ರಲ್ಲಿ, ಹಳೆಯ ವಿಜಯನಗರವಿದ್ದ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕಾವಲುಗಾರರೇ ಕಳ್ಳರೊಡನೆ ಶಾಮೀಲು, ಕಾವಲು ಕಾಣಿಕೆ ಕೊಡದವರ ಮನೆಗೇ ಕನ್ನ ಬೀಳುತ್ತದೆ ಎಂಬುದು ದಕ್ಷಿಣದ ಕಂಪನಿ ಅಧಿಕಾರಿಗಳ ದೂರು. ಅದರಲ್ಲಿ ಸತ್ಯವಿರಲಿಲ್ಲವೆನ್ನಲಾಗದು, ಕಳುವಿನ ಭಯ ಇದ್ದಷ್ಟು ದಿನವೇ ಕಾವಲಿಗೆ ಬೆಲೆ. ಮದ್ರಾಸಿನ 1859ರ ಕಾಯಿದೆ, ಅದರ ಹಿಂದೆಯೇ ಬಂದ 1861ರ ಪೊಲೀಸ್ ಕಾಯಿದೆ ಕಾವಲನ್ನು ಸರಕಾರಿ ನೌಕರಿಯಾಗಿಸಿದವು. ಕಾನ್‌ಸ್ಟೇಬಲ್‌ಗೆ ಖಜಾನೆಯಿಂದ ತಿಂಗಳ ಸಂಬಳ ಬಂತು, ಮೇಲಧಿಕಾರಿಗಳ ಸಾಲು ಬಂತು, ದೂರಿಗೆ ದಫ್ತರ ಬಂತು. ಸಿಗದ ಮಾಲಿನ ಬೆಲೆಯನ್ನು ಅವನು ತುಂಬಿಕೊಡಬೇಕೆಂಬ ಹಳೆಯ ಕಟ್ಟು ಆ ಕಾಯಿದೆಗಳಲ್ಲಿ ಇರಲಿಲ್ಲ.

ತಳವಾರಿಕೆ ಹಳ್ಳಿಗಳಲ್ಲಿ ವಂಶಪಾರಂಪರ್ಯವಾಗಿ ಇನ್ನೂ ನೂರು ವರ್ಷ ಉಳಿಯಿತು. ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆ ಜಾರಿಗೆ ಬಂದದ್ದು 1963ರಲ್ಲಿ. ಬೆಂಗಳೂರಿಗೆ ಪೊಲೀಸ್ ಕಮಿಷನರ್ ಬಂದದ್ದೂ ಅದೇ ವರ್ಷ.