ಗುಳೆ ಮತ್ತು ಮಕ್ಕಳು

ಗುಳೆ ಎಂದರೆ ಮಳೆ ಕೈಕೊಟ್ಟಾಗ ಕೂಲಿ ಅರಸಿ ಕುಟುಂಬಗಳು ಊರು ಬಿಡುವುದು. ಕಲ್ಯಾಣ ಕರ್ನಾಟಕದ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಇದು ಹಳೆಯ ರೂಢಿ. ಹವಾಮಾನ ಬದಲಾವಣೆಯಿಂದ ಮಳೆಯ ಲಯ ತಪ್ಪಿದಷ್ಟೂ ರೈತಕೂಲಿಗಳ ಬದುಕು ಅತಂತ್ರವಾಗುತ್ತದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ತೊಗರಿ, ಹತ್ತಿ ಒಣಗಿದರೆ ಮೊದಲು ತಣ್ಣಗಾಗುವುದು ಭೂರಹಿತರ ಮನೆಯ ಒಲೆ. ಹೆತ್ತವರೊಂದಿಗೆ ಬೆಂಗಳೂರು, ಮುಂಬೈ, ಹೈದರಾಬಾದಿನ ಕಟ್ಟಡ ಕಾಮಗಾರಿಗಳತ್ತ ಹೊರಟ ಮಕ್ಕಳಿಗೆ ಶಾಲೆಯಷ್ಟೇ ಅಲ್ಲ, ಬಿಸಿಯೂಟ, ಅಂಗನವಾಡಿಯ ಪೌಷ್ಟಿಕ ಆಹಾರ, ಲಸಿಕೆಯ ಸರದಿಯೂ ತಪ್ಪುತ್ತದೆ. ಊರಲ್ಲೇ ಉಳಿದವರಿಗೆ ಅಜ್ಜ-ಅಜ್ಜಿಯೇ ಆಸರೆ. ದೊಡ್ಡ ಹುಡುಗಿಯರ ಪಾಲಿಗೆ ನೀರಿನ ಕೊಡ, ತಮ್ಮ-ತಂಗಿಯರ ಆರೈಕೆ.

ವಲಸೆ ಮಕ್ಕಳಿಗಾಗಿ ಋತುಮಾನ ವಸತಿ ಶಾಲೆ, ಟೆಂಟ್ ಶಾಲೆಗಳಿವೆ. 2024ರ ಬೇಸಿಗೆ ರಜೆಯಲ್ಲೂ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ನೀಡಲಾಯಿತು.