ಹಣ್ಣಿನ ಪಾಕ: ಕನ್ನಡ ನಾಡಿನಿಂದ ವೆಸ್ಟ್‌ಮೀಡ್‌ವರೆಗೆ

ಹಣ್ಣಿನ ಹೋಳುಗಳಿಗೆ ಸ್ವಲ್ಪ ನೀರು, ಸಕ್ಕರೆ ಅಥವಾ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ಹೋಳು ಮೆತ್ತಗಾಗಿ ರಸ ತುಸು ಗಟ್ಟಿಯಾದಾಗ ಇಳಿಸುವ ಸಿಹಿ ಅಡುಗೆಯೇ ಹಣ್ಣಿನ ಪಾಕ. ಯುರೋಪಿನಲ್ಲಿ ಇದು ಕಾಂಪೋಟ್, ಆಸ್ಟ್ರೇಲಿಯಾದ ಮನೆಗಳಲ್ಲಿ ಸ್ಟ್ಯೂಡ್ ಫ್ರೂಟ್. ಕರ್ನಾಟಕದಲ್ಲಿ ಈ ಕುಟುಂಬಕ್ಕೆ ಸೇರಿದ ಗೊಜ್ಜು, ಗುಳಂಬ, ಪೆರಟಿ, ಮೊರಬ್ಬಗಳು ಸೀಮೆಗೊಂದರಂತೆ ಬೆಳೆದಿವೆ. ಸಿಡ್ನಿಯ ಪಶ್ಚಿಮದ ಬಡಾವಣೆ ವೆಸ್ಟ್‌ಮೀಡ್‌ನಲ್ಲಿ ಈ ಎರಡೂ ಪರಂಪರೆಗಳು ಇಂದು ಒಂದೇ ಒಲೆಯ ಮೇಲೆ ಕೂಡಿವೆ. ಅಲ್ಲಿಗೆ ಊರಿನ ತಾಜಾ ಹಣ್ಣನ್ನು ಜೊತೆಗೊಯ್ಯಲಾಗದು, ಹೋದದ್ದು ಹದ. ಈ ಅಡುಗೆಯ ಇತಿಹಾಸವೆಂದರೆ ಬಹುಮಟ್ಟಿಗೆ ಆ ಹದದ ಇತಿಹಾಸ.

ಸ್ವರೂಪ

ಹಣ್ಣಿನ ಸಿಹಿಗಳನ್ನು ಬೇಯುವ ಪ್ರಮಾಣ ಮತ್ತು ಸಕ್ಕರೆಯ ಪ್ರಮಾಣದ ಮೇಲೆ ವಿಂಗಡಿಸಬಹುದು. ಬೇಯಿಸದೆ ಕಲಸುವ ರಸಾಯನ, ಸೀಕರಣೆಗಳು ಒಂದು ತುದಿಯಲ್ಲಿವೆ. ದೀರ್ಘಕಾಲ ಕಾಯಿಸಿ ಗಟ್ಟಿಮಾಡುವ ಜಾಮ್, ಮೊರಬ್ಬ, ಪೆರಟಿಗಳು ಇನ್ನೊಂದು ತುದಿಯಲ್ಲಿವೆ. ಹಣ್ಣಿನ ಪಾಕದ ಸ್ಥಾನ ನಡುವೆ. ಜಾಮಿಗೆ ಹಣ್ಣಿನ ತೂಕಕ್ಕೆ ಸರಿಸಮವಾಗಿ ಸಕ್ಕರೆ ಹಾಕುವುದು ವಾಡಿಕೆ. ಪಾಕಕ್ಕೆ 1 ಕಿಲೊ ಹಣ್ಣಿಗೆ 100ರಿಂದ 200 ಗ್ರಾಂ ಸಾಕು. ಹೋಳು ಕರಗಿಹೋಗಬಾರದು, ರಸ ಒಂದೆಳೆ ಪಾಕಕ್ಕೆ ಬರುವ ಮುಂಚೆಯೇ ಒಲೆ ಆರಿಸಬೇಕು. ಸಕ್ಕರೆ ಕಡಿಮೆಯಿರುವುದರಿಂದ ಇದು ಬಹಳ ದಿನ ಉಳಿಯದು. ಮಾಡಿದ ವಾರದೊಳಗೇ ಉಣ್ಣುವ ಅಡುಗೆ.

ಕನ್ನಡ ನಾಡಿನ ಪರಂಪರೆ

ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆ ಹಳೆಯದು. ಪಶ್ಚಿಮ ಚಾಳುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ವೈದ್ಯ, ಜ್ಯೋತಿಷಗಳ ಜೊತೆಗೆ ಅಡುಗೆಯ ವಿಷಯವೂ ಇದೆ. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ 12ನೆಯ ಶತಮಾನದ್ದು. ಅದರಲ್ಲಿ ಅನ್ನಕ್ಕೂ ಪಾನೀಯಕ್ಕೂ ಬೇರೆ ಬೇರೆ ಪ್ರಕರಣಗಳಿವೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇಡಿಯಾಗಿ ಅಡುಗೆಗೇ ಮೀಸಲಾದ ಪದ್ಯಗ್ರಂಥ. ಪಾನಕಗಳಿಗೂ ಬಾಳೆ, ಹಲಸುಗಳ ಅಡುಗೆಗಳಿಗೂ ಅದರಲ್ಲಿ ಜಾಗ ಸಿಕ್ಕಿದೆ.

ಮನೆಗಳಲ್ಲಿ ಬೆಳೆದ ಪದ್ಧತಿಗಳು ಗ್ರಂಥಗಳಿಗಿಂತ ವೈವಿಧ್ಯಮಯ. ಹಳೇ ಮೈಸೂರಿನಲ್ಲಿ ಅನಾನಸಿನ ಗೊಜ್ಜು ಮದುವೆಯೂಟದ ಮರ್ಯಾದೆಯ ಪದಾರ್ಥ: ಹಣ್ಣಿನ ಹೋಳು ಬೆಂದ ಮೇಲೆ ಬೆಲ್ಲ, ಹುಣಸೆರಸ, ಹುರಿದ ಎಳ್ಳು, ಕೊಬ್ಬರಿ, ಒಣಮೆಣಸಿನಕಾಯಿ ಸೇರಿ ಸಿಹಿ, ಹುಳಿ, ಖಾರ ಮೂರೂ ಒಂದಾಗುತ್ತವೆ. ಕರಾವಳಿಯಲ್ಲಿ ಅದೇ ಅನಾನಸು ಮೆಣಸ್ಕಾಯಿಯಾಗುತ್ತದೆ. ಅನಾನಸು ಮೂಲತಃ ದಕ್ಷಿಣ ಅಮೆರಿಕದ್ದು, ಭಾರತಕ್ಕೆ ಬಂದದ್ದು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ. ಹಾಗಾಗಿ ಇಂದು ನಮ್ಮ ಸಂಪ್ರದಾಯದ ಅಡುಗೆ ಎನಿಸಿಕೊಂಡಿರುವುದೂ ಹೊಸ ಹಣ್ಣಿಗೆ ಹಳೆಯ ಗೊಜ್ಜಿನ ಹದ ಕೂಡಿಸಿ ಮಾಡಿಕೊಂಡದ್ದೇ.

ಉತ್ತರ ಕರ್ನಾಟಕದಲ್ಲಿ ಬೇಸಿಗೆ ಬಂತೆಂದರೆ ಮಾವಿನಕಾಯಿ ತುರಿದು ಬೆಲ್ಲದಲ್ಲಿ ಕುದಿಸಿ, ಏಲಕ್ಕಿ ಹಾಕಿ ಗುಳಂಬ ಮಾಡುತ್ತಾರೆ. ಚಪಾತಿ, ರೊಟ್ಟಿಗಳಿಗೆ ಅದು ತಿಂಗಳುಗಟ್ಟಲೆ ಒದಗುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕ ಮನೆಗಳಲ್ಲಿ ಹಲಸಿನ ಹಣ್ಣಿನ ಪೆರಟಿ ಕಾಯಿಸುವುದು ಇಡೀ ಮನೆಯ ಕೆಲಸ. ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಬೆಲ್ಲ ಸೇರಿಸಿ ದೊಡ್ಡ ಉರುಳಿಯಲ್ಲಿ ಸೌದೆಯ ಉರಿಯ ಮೇಲೆ ಕೈಬಿಡದೆ ಮಗುಚಬೇಕು. ಮುದ್ದೆ ತಳ ಬಿಟ್ಟು ಸೌಟಿಗೆ ಒಟ್ಟಾಗಿ ಬಂದಾಗ ಹದ. ನೀರಿನಂಶ ಬತ್ತಿದ್ದರಿಂದ ಭರಣಿಯಲ್ಲಿ ಬಹುಕಾಲ ನಿಲ್ಲುವ ಈ ಪೆರಟಿ, ಹಲಸು ಮುಗಿದ ಮೇಲೆ ತೆಂಗಿನಹಾಲಿನಲ್ಲಿ ಕದಡಿ ಪಾಯಸವಾಗುತ್ತದೆ.

ಸಕ್ಕರೆಯ ವಿಷಯದಲ್ಲಿ 20ನೆಯ ಶತಮಾನ ದೊಡ್ಡ ಬದಲಾವಣೆ ತಂದಿತು. ಕಾವೇರಿ ನೀರಾವರಿ ಬೆಳೆದಂತೆ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಬೆಲ್ಲದ ಜೊತೆಗೆ ಬಿಳಿ ಸಕ್ಕರೆಯೂ ಅಡುಗೆಮನೆಯಲ್ಲಿ ಸಾಮಾನ್ಯವಾಯಿತು. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ತೆರೆದ ಮೇಲೆ ಹಣ್ಣಿನ ಸಂರಕ್ಷಣೆ ಕನ್ನಡ ನಾಡಿನಲ್ಲಿ ವಿಜ್ಞಾನದ ವಿಷಯವೂ ಆಯಿತು.

ಸಕ್ಕರೆಯ ಪ್ರಯಾಣ ಮತ್ತು ಯುರೋಪು

ಕಬ್ಬಿನ ಹಾಲು ಕಾಯಿಸಿ ಬೆಲ್ಲ, ಖಂಡಸಾರಿ, ಸಕ್ಕರೆ ಮಾಡುವ ಕಲೆ ಭಾರತದ್ದು. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲೇ ಅವುಗಳ ಬಗೆಗಳು ಹೆಸರಿಸಲ್ಪಟ್ಟಿವೆ. ಇಲ್ಲಿಂದ ಅದು ಪರ್ಷಿಯಾಕ್ಕೂ, ಅರಬರ ಮೂಲಕ ಮೆಡಿಟರೇನಿಯನ್ ತೀರಕ್ಕೂ ಹರಡಿತು. ಅಲ್ಲಿಯವರೆಗೆ ಜೇನಿನಲ್ಲಿ ಹಣ್ಣು ಕಾಯಿಸುತ್ತಿದ್ದ ಯುರೋಪಿಗೆ ಸಕ್ಕರೆ ಮೊದಲು ಶ್ರೀಮಂತರ ಸೊತ್ತಾಗಿ ಬಂತು. 1692ರಲ್ಲಿ ಫ್ರಾನ್ಸಿನ ಬಾಣಸಿಗ ಫ್ರಾಂಸ್ವಾ ಮಾಸಿಯಾಲೊ ಹಣ್ಣಿನ ಸಿಹಿಗಳನ್ನು ವಿವರಿಸುವ ಪುಸ್ತಕ ಹೊರತಂದ. 1810ರಲ್ಲಿ ಅದೇ ದೇಶದ ನಿಕೊಲಾ ಆಪೇರ್, ಗಾಜಿನ ಸೀಸೆಯಲ್ಲಿ ಆಹಾರ ತುಂಬಿ ಬಿಗಿಯಾಗಿ ಮುಚ್ಚಿ ಕುದಿಯುವ ನೀರಿನಲ್ಲಿಟ್ಟರೆ ಅದು ಕೆಡದೆಂದು ಪ್ರಕಟಿಸಿದ. ಅದಕ್ಕೆ ಕಾರಣ ಸೂಕ್ಷ್ಮಜೀವಿಗಳ ನಾಶ ಎಂಬುದು ತಿಳಿದದ್ದು ಅರ್ಧ ಶತಮಾನದ ನಂತರ, ಲೂಯಿ ಪಾಶ್ಚರನ ಸಂಶೋಧನೆಗಳಿಂದ.

ಪ್ಯಾರಮಟ್ಟದ ತೋಟಗಳು

ವೆಸ್ಟ್‌ಮೀಡ್ ಇರುವುದು ದಾರುಗ್ ಜನರ ನೆಲದಲ್ಲಿ. ಪ್ಯಾರಮಟ್ಟ ನದಿಯ ಈ ಭಾಗ ಅವರ ಬರಮಟ್ಟಗಲ್ ಕುಲದ್ದು. ಆಸ್ಟ್ರೇಲಿಯಾದ ಈ ಕರಾವಳಿಯ ಕಾಡಿನಲ್ಲಿ ಬೆಳೆಯುವ ಲಿಲಿ ಪಿಲಿ ಹಣ್ಣು ನಮ್ಮ ನೇರಳೆಯ ಕುಲಕ್ಕೇ ಸೇರಿದ್ದು. ಮೂಲನಿವಾಸಿಗಳು ತಿನ್ನುತ್ತಿದ್ದ ಈ ಹುಳಿಮಿಶ್ರಿತ ಹಣ್ಣನ್ನು ವಲಸಿಗರು ಜಾಮಿಗೆ ಬಳಸಿಕೊಂಡರು.

1788ರ ಜನವರಿಯಲ್ಲಿ ಸಿಡ್ನಿಗೆ ಬಂದ ಬ್ರಿಟಿಷ್ ಹಡಗುಗಳು ದಾರಿಯಲ್ಲಿ ರಿಯೊ ಡಿ ಜನೈರೊದಿಂದ ಕಿತ್ತಳೆ, ನಿಂಬೆಗಳನ್ನೂ ಕೇಪ್ ಆಫ್ ಗುಡ್ ಹೋಪ್‌ನಿಂದ ಸೇಬು, ಪೇರ್, ಕ್ವಿನ್ಸ್, ಅಂಜೂರಗಳನ್ನೂ ತಂದಿದ್ದವು. ಆ ವರ್ಷದ ಕೊನೆಯಲ್ಲಿ, ಇಂದಿನ ವೆಸ್ಟ್‌ಮೀಡ್‌ಗೆ ತಾಗಿದ ಪ್ಯಾರಮಟ್ಟದಲ್ಲಿ ಬೇಸಾಯದ ನೆಲೆ ಆರಂಭವಾಯಿತು. 1800ರಲ್ಲಿ ಸಸ್ಯಗಳ ಹೊರೆಯೊಂದಿಗೆ ಬಂದ ಜಾರ್ಜ್ ಸಟ್ಟರ್, ವೆಸ್ಟ್‌ಮೀಡ್‌ಗೆ ಉತ್ತರದ ಬಾಕಮ್ ಹಿಲ್ಸ್‌ನಲ್ಲಿ ಕಿತ್ತಳೆ ತೋಟ ಬೆಳೆಸಿದ. ಪೂರ್ವದ ಈಸ್ಟ್‌ವುಡ್‌ನಲ್ಲಿ 1868ರ ಸುಮಾರಿಗೆ ಮರಿಯಾ ಆನ್ ಸ್ಮಿತ್ ಎಂಬಾಕೆಯ ತೋಟದಲ್ಲಿ ತಾನಾಗಿ ಹುಟ್ಟಿದ ಸಸಿಯೇ ಜಗತ್ತಿನ ಅಂಗಡಿಗಳನ್ನೆಲ್ಲ ತುಂಬಿದ ಗ್ರಾನಿ ಸ್ಮಿತ್ ಸೇಬು. ಹುಳಿ ಹೆಚ್ಚು, ಬೇಯಿಸಿದರೆ ಬೇಗ ಮೆತ್ತಗಾಗುವ ಗುಣ. ಬೇಯಿಸುವ ಸೇಬೆಂದೇ ಅದಕ್ಕೆ ಹೆಸರು ಬಂತು.

ಪ್ಯಾರಮಟ್ಟದ ಗವರ್ನರನ ವಿಶಾಲ ಭೂಮಿಯ ಪಶ್ಚಿಮದ ಹುಲ್ಲುಗಾವಲನ್ನು 1859ರಲ್ಲಿ ವಿಂಗಡಿಸಿ ಮಾರಿದಾಗ ವೆಸ್ಟ್‌ಮೀಡ್ ಹುಟ್ಟಿತು. 1883ರಲ್ಲಿ ರೈಲು ನಿಲ್ದಾಣ ಬಂತು. 20ನೆಯ ಶತಮಾನದ ಆರಂಭದಲ್ಲಿ ಇದು ಹಣ್ಣಿನ ತೋಟಗಳ ಸೀಮೆಯೆಂದೇ ಹೆಸರಾಗಿತ್ತು. ಇಂದು ಆಸ್ಪತ್ರೆ, ಅಪಾರ್ಟ್‌ಮೆಂಟುಗಳಿಂದ ಕಿಕ್ಕಿರಿದ ಈ ಬೀದಿಗಳಲ್ಲಿ ಸೇಬು ಬೇಯಿಸುವವರು, ತಿಳಿದೋ ತಿಳಿಯದೆಯೋ, ತೋಟದ ನೆಲದ ಮೇಲೆಯೇ ನಿಂತಿದ್ದಾರೆ.

ಪುಸ್ತಕ, ಸೀಸೆ, ಡಬ್ಬಿ

ಆಸ್ಟ್ರೇಲಿಯಾದ ಮೊದಲ ಅಡುಗೆ ಪುಸ್ತಕ 1864ರಲ್ಲಿ ಎಡ್ವರ್ಡ್ ಆ್ಯಬಟ್ ಪ್ರಕಟಿಸಿದ್ದು. ಮನೆಮನೆಗೆ ಹೊಕ್ಕ ಪುಸ್ತಕವೆಂದರೆ 1914ರಲ್ಲಿ ನ್ಯೂ ಸೌತ್ ವೇಲ್ಸ್‌ನ ಸರ್ಕಾರಿ ಶಾಲೆಗಳ ಅಡುಗೆ ಶಿಕ್ಷಕಿಯರ ಸಂಘ ಹೊರತಂದ ‘ಕಾಮನ್‌ಸೆನ್ಸ್ ಕುಕರಿ ಬುಕ್’. ಹುಡುಗಿಯರು ಶಾಲೆಯಲ್ಲೇ ಅಳತೆ ಸಮೇತ ಅಡುಗೆ ಕಲಿಯುವ ಪದ್ಧತಿಯಿಂದ ಬಂದ ಪುಸ್ತಕ ಅದು. ಮರುವರ್ಷ, 1915ರಲ್ಲಿ, ಮೆಲ್ಬರ್ನ್‌ನಲ್ಲಿ ಜೋಸೆಫ್ ಫೌಲರ್ ಆರಂಭಿಸಿದ ಫೌಲರ್ಸ್ ವಕೋಲಾ ಸಂಸ್ಥೆ, ಗಾಜಿನ ಸೀಸೆ, ರಬ್ಬರ್ ಉಂಗುರ, ಲೋಹದ ಮುಚ್ಚಳ, ಬಿಗಿಹಿಡಿಯುವ ಕ್ಲಿಪ್ಪು ಕೂಡಿದ ಸಲಕರಣೆಯನ್ನು ಮನೆಗಳಿಗೆ ಒದಗಿಸಿತು. ಬೇಸಿಗೆಯ ಪೀಚ್, ಏಪ್ರಿಕಾಟ್, ಪ್ಲಮ್‌ಗಳು ಸೀಸೆಯೊಳಗೆ ಸೇರಿ ಚಳಿಗಾಲಕ್ಕೆ ಉಳಿದವು. ವಿಕ್ಟೋರಿಯಾ ರಾಜ್ಯದ ಶೆಪರ್ಟನ್‌ನಲ್ಲಿ 1917ರಲ್ಲಿ ರೈತರೇ ಕೂಡಿ ಸ್ಥಾಪಿಸಿದ ಎಸ್‌ಪಿಸಿ ಕಾರ್ಖಾನೆ ಅದೇ ಹಣ್ಣನ್ನು ಡಬ್ಬಿಗೆ ತುಂಬಿತು.

ವೆಸ್ಟ್‌ಮೀಡ್‌ನ ಕನ್ನಡ ಅಡುಗೆಮನೆ

1901ರ ವಲಸೆ ನಿರ್ಬಂಧ ಕಾಯ್ದೆಯಿಂದ ಏಷ್ಯಾದವರಿಗೆ ಆಸ್ಟ್ರೇಲಿಯಾದ ಬಾಗಿಲು ಬಹುಕಾಲ ಮುಚ್ಚಿತ್ತು. 1973ರಲ್ಲಿ ವರ್ಣಭೇದದ ವಲಸೆ ನೀತಿ ಪೂರ್ಣವಾಗಿ ಕೊನೆಗೊಂಡ ಮೇಲೆ ವೈದ್ಯರು, ಎಂಜಿನಿಯರುಗಳು, ಅವರ ಹಿಂದೆ ಮಾಹಿತಿ ತಂತ್ರಜ್ಞಾನದವರು ಕರ್ನಾಟಕದಿಂದ ಸಿಡ್ನಿ, ಮೆಲ್ಬರ್ನ್‌ಗಳಿಗೆ ಬಂದು ನೆಲೆಸಿದರು. 1978ರಲ್ಲಿ ತೆರೆದ ವೆಸ್ಟ್‌ಮೀಡ್ ಆಸ್ಪತ್ರೆ, 1995ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡ ಮಕ್ಕಳ ಆಸ್ಪತ್ರೆ, ರೈಲಿನ ಅನುಕೂಲ, ಹತ್ತಿರದ ಮೇಸ್ ಹಿಲ್‌ನ ಮುರುಗನ್ ದೇವಸ್ಥಾನ, ವೆಂಟ್‌ವರ್ತ್‌ವಿಲ್ ಮತ್ತು ಹ್ಯಾರಿಸ್ ಪಾರ್ಕಿನ ಭಾರತೀಯ ಅಂಗಡಿಗಳು ಕೂಡಿ ಈ ಬಡಾವಣೆ ಭಾರತೀಯ ಕುಟುಂಬಗಳ ದೊಡ್ಡ ನೆಲೆಯಾಯಿತು.

ಜೈವಿಕ ಸುರಕ್ಷೆಯ ಕಟ್ಟುನಿಟ್ಟಿನಿಂದಾಗಿ ಊರಿಂದ ಬರುವ ಅಮ್ಮ, ಅತ್ತೆಯವರ ಪೆಟ್ಟಿಗೆಯಲ್ಲಿ ತಾಜಾ ಮಾವು, ರಸಬಾಳೆ ಬರುವಂತಿಲ್ಲ. ಏಲಕ್ಕಿ, ಕೇಸರಿ, ಬೆಲ್ಲ ಇಲ್ಲಿನ ಅಂಗಡಿಯಲ್ಲೇ ಸಿಗುತ್ತವೆ. ಹಣ್ಣು ಮಾತ್ರ ಬಹುಮಟ್ಟಿಗೆ ಇಲ್ಲಿಯದೇ, ಋತುವೂ ಇಲ್ಲಿಯದೇ. ಯುಗಾದಿ, ರಾಮನವಮಿಗಳು ಇಲ್ಲಿ ಶರತ್ಕಾಲಕ್ಕೆ ಬೀಳುತ್ತವೆ: ಮಾವು ಮುಗಿದು, ಸೇಬು, ಪೇರ್, ಕ್ವಿನ್ಸ್ ತುಂಬಿರುವ ಹೊತ್ತು. ರಾಮನವಮಿಯ ಕರಬೂಜದ ರಸಾಯನಕ್ಕೆ ಹಣ್ಣು ಸಿಗುತ್ತದೆ, ಆದರೆ ಹೋಳಿಗೆಯ ಜೊತೆಗಿನ ಮಾವಿನ ಸೀಕರಣೆಯ ಜಾಗಕ್ಕೆ ಏಲಕ್ಕಿ ಹಾಕಿ ಬೇಯಿಸಿದ ಪೇರ್ ಬರಬಹುದು. ಮಾವು ಬೇಕೆಂದರೆ ದೀಪಾವಳಿಯಿಂದ ಸಂಕ್ರಾಂತಿಯ ತನಕ ಕಾಲ. ಆಗ ಸಿಗುವ ಕೆನ್ಸಿಂಗ್ಟನ್ ಪ್ರೈಡ್ ತಳಿ ಕ್ವೀನ್ಸ್‌ಲೆಂಡಿನ ಬೋವೆನ್‌ನಲ್ಲಿ ನೆಲೆಯೂರಿದ್ದು. ಬ್ರಿಟಿಷ್ ಸೈನ್ಯಕ್ಕೆ ಕುದುರೆಗಳನ್ನು ಭಾರತಕ್ಕೆ ಸಾಗಿಸುತ್ತಿದ್ದ ವ್ಯಾಪಾರಿಗಳ ಮೂಲಕ 19ನೆಯ ಶತಮಾನದಲ್ಲಿ ಅಲ್ಲಿಗೆ ಬಂತೆಂಬುದು ಪ್ರಚಲಿತ ವಿವರಣೆ.

ಇಲ್ಲಿಯ ಹಣ್ಣುಗಳಲ್ಲಿ ಕನ್ನಡಿಗರಿಗೆ ತೀರ ಹೊಸತಾದದ್ದು ಕ್ವಿನ್ಸ್. ಹಸಿಯಾಗಿ ಒಗರು, ಹಲ್ಲಿಗೆ ಕಲ್ಲಿನಷ್ಟು ಗಟ್ಟಿ. ಸಕ್ಕರೆ ನೀರಿನಲ್ಲಿ ಸಣ್ಣ ಉರಿಯ ಮೇಲೆ ಎರಡು ಮೂರು ಗಂಟೆ ಬಿಟ್ಟರೆ ಮಾಸಲು ಬಿಳಿಯ ಹೋಳು ಮೊದಲು ಗುಲಾಬಿಯಾಗಿ, ಆಮೇಲೆ ದಾಳಿಂಬೆ ಕಾಳಿನ ಕೆಂಪಾಗುತ್ತದೆ. ಒಗರು ಹೋಗಿ ಪರಿಮಳ ಮನೆಯನ್ನೆಲ್ಲ ತುಂಬುತ್ತದೆ. ಒಗರಿಗೆ ಕಾರಣವಾದ ಟ್ಯಾನಿನ್ ಗುಂಪಿನ ಪದಾರ್ಥಗಳೇ ಕಾವಿಗೆ ಒಡೆದು ಈ ಬಣ್ಣ ಕೊಡುತ್ತವೆ. ರೂಬಾರ್ಬ್ ಇನ್ನೊಂದು ಹೊಸ ಪದಾರ್ಥ. ಅದರ ಹುಳಿದಂಟು ಬೆಲ್ಲ, ಶುಂಠಿಗೆ ಹುಣಸೆಯ ಗೊಜ್ಜಿನಂತೆಯೇ ಒಗ್ಗುತ್ತದೆ. ಎಲೆಯಲ್ಲಿ ವಿಷವಿರುವುದರಿಂದ ಅದನ್ನು ಪೂರ್ತಿ ತೆಗೆದು ಎಸೆಯಲೇಬೇಕು.

ಮಾಡುವ ಕ್ರಮ ಮತ್ತು ಅದರ ಕಾರಣಗಳು

ಮಧ್ಯಮ ಗಾತ್ರದ ನಾಲ್ಕು ಸೇಬಿನ ಸಿಪ್ಪೆ, ಬೀಜ ತೆಗೆದು ಒಂದೇ ಅಳತೆಯ ಹೋಳು ಮಾಡಿ, ಕಪ್ಪಾಗದಂತೆ ನಿಂಬೆರಸ ಸವರುತ್ತಾರೆ. ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಬಟ್ಟಲು ನೀರು, ನಾಲ್ಕೈದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಜಜ್ಜಿದ ಎರಡು ಏಲಕ್ಕಿ ಹಾಕಿ, ಹೋಳು ಸೇರಿಸಿ ಮುಚ್ಚಿ ಹತ್ತರಿಂದ ಹದಿನೈದು ನಿಮಿಷ ಬೇಯಿಸುತ್ತಾರೆ. ಚಾಕುವಿನ ತುದಿ ಸಲೀಸಾಗಿ ಇಳಿದರೂ ಹೋಳು ಒಡೆಯದಿದ್ದರೆ ಬೆಂದಿದೆ. ಆಮೇಲೆ ಮುಚ್ಚಳ ತೆಗೆದು ರಸವನ್ನಷ್ಟೇ ಬತ್ತಿಸಬೇಕು; ಆರಿದಾಗ ಅದು ಇನ್ನೂ ಗಟ್ಟಿಯಾಗುತ್ತದೆ.

ಹೋಳನ್ನು ಹಿಡಿದಿಡುವುದು ಪೆಕ್ಟಿನ್ ಎಂಬ ಅಂಟುಪದಾರ್ಥ. ಕಾವಿಗೆ ಅದು ಕರಗಿದಂತೆ ಹಣ್ಣು ಮೆತ್ತಗಾಗುತ್ತದೆ, ರಸ ಮಂದವಾಗುತ್ತದೆ. ಸಕ್ಕರೆ ಮೊದಲೇ ಹಾಕಿದರೆ ಹೋಳು ಗಟ್ಟಿಯಾಗಿ ನಿಲ್ಲುತ್ತದೆ. ಮಕ್ಕಳಿಗೆಂದು ಮಸೆದ ಹಾಗೆ ಬೇಕಿದ್ದರೆ ಹಣ್ಣು ಬೆಂದ ಮೇಲೆ ಹಾಕಬೇಕು. ಹಸಿ ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲು ಮೊಸರಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ, ಚೆನ್ನಾಗಿ ಕಾದಾಗ ಅದು ಕೆಲಸ ನಿಲ್ಲಿಸುತ್ತದೆ. ಬೆಲ್ಲದ ಪಾಕ ಬಿಸಿಯಿರುವಾಗ ಹಾಲು ಸುರಿದರೆ ಒಡೆಯುವುದರಿಂದ ಆರಿಸಿ ಬೆರೆಸುವ ಅಜ್ಜಿಯರ ಕಟ್ಟಳೆ ಸರಿಯಾದದ್ದೇ.

ಫ್ರಿಜ್ಜಿನಲ್ಲಿ ಪಾಕ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಸೀಸೆಯಲ್ಲಿ ತುಂಬಿಡುವವರು ಹುಳಿಯ ಮಟ್ಟ ಗಮನಿಸಲೇಬೇಕು. ಮಾಗಿದ ಮಾವು, ಬಾಳೆ, ಅಂಜೂರಗಳಲ್ಲಿ ಹುಳಿ ಸಾಲದಿದ್ದರೆ ಮುಚ್ಚಿದ ಸೀಸೆಯಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಲ್ಲದು; ಅಂಥವಕ್ಕೆ ಪರೀಕ್ಷಿಸಿದ ವಿಧಾನದಲ್ಲಿ ಹೇಳಿದಷ್ಟು ನಿಂಬೆರಸ ಸೇರಿಸುವುದು ಅಗತ್ಯ.

ಇಂದಿನ ಸ್ಥಿತಿ

ವೆಸ್ಟ್‌ಮೀಡ್‌ನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಬೇಯಿಸಿದ ಸೇಬು ಬೆಳಗಿನ ಓಟ್ಸ್, ಮೊಸರಿನ ಜೊತೆಗಿನ ತಿಂಡಿ. ಅವರ ಅಜ್ಜಿಯರಿಗೆ ಅದೇ ಚಪಾತಿಯ ಜೊತೆಗಿನ ಗೊಜ್ಜು. ಎರಡಕ್ಕೂ ಪಾತ್ರೆ ಒಂದೇ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಆಸ್ಟ್ರೇಲಿಯಾದ ಪದ್ಧತಿ ಒಂದು ಶತಮಾನದಿಂದ ಅಳತೆ ಸಮೇತ ಶಾಲೆಯ ಪುಸ್ತಕದಲ್ಲಿ ಉಳಿದಿದೆ. ಗುಳಂಬ, ಪೆರಟಿ, ಮೆಣಸ್ಕಾಯಿಗಳ ಹದ ಇಂದಿಗೂ ಹೆಚ್ಚಾಗಿ ಬಾಯಿಮಾತಿನಲ್ಲಿ, ವಿಡಿಯೊ ಕರೆಯಲ್ಲಿ ದಾಟುತ್ತಿದೆ. ಒಂದು ಹಿಡಿ ಬೆಲ್ಲ ಎಂದರೆ ಎಷ್ಟು ಗ್ರಾಂ, ತಳ ಬಿಡುವುದೆಂದರೆ ಹೇಗೆ ಕಾಣುತ್ತದೆ, ಗ್ರಾನಿ ಸ್ಮಿತ್‌ಗೆ ಹುಣಸೆ ಎಷ್ಟು ಕಡಿಮೆ ಮಾಡಬೇಕು ಎಂಬುದನ್ನೆಲ್ಲ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಊರಿನಲ್ಲೂ ಹೊರನಾಡಿನಲ್ಲೂ ಅದನ್ನು ಅವರಿಂದ ಕೇಳಿ, ತೂಗಿ, ಕನ್ನಡದಲ್ಲಿ ಬರೆದಿಡುವುದು ಈ ಅಡುಗೆಯ ಇತಿಹಾಸದಲ್ಲಿ ಬಾಕಿ ಉಳಿದಿರುವ ಕೆಲಸ.